ಕಾರು ಒಣಗಿತು ಅಂದರೆ ಸರಿಹೋಯಿತು ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಜೋರು ಮಳೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಮುಳುಗಿದ ಕಾರುಗಳ ಫೋಟೊ ಬರುತ್ತದೆ. ನೀರು ನಿಂತ ರಸ್ತೆಗೆ ಇಳಿಯಬೇಡಿ ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಬೇಕಾದ ಮಾತೇ ಅದು. ಆದರೆ ಇಳಿದಾಗಿದೆ, ಗಾಡಿ ನಡುನೀರಲ್ಲಿ ನಿಂತಿದೆ, ಈಗೇನು ಮಾಡೋದು? ನೀರು ಇಳಿದ ಮೇಲೆ ಏನೇನು ನೋಡಬೇಕು? ಇದನ್ನು ಬರೆಯುವವರು ಕಡಿಮೆ. ಮೊನ್ನೆ ಇದೇ ಅಂಕಣದಲ್ಲಿ ಓದುಗರೊಬ್ಬರು, ಬಾಗಿಲು ತೆಗೆದು ಬಿಸಿಲಿಗೆ ಬಿಟ್ಟಿದ್ದಕ್ಕೆ ತಮ್ಮ ಕಾರು ಒಣಗಿ ಸ್ಟಾರ್ಟ್ ಆಯಿತು, ಗ್ಯಾರೇಜಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ ಎಂದು ಬರೆದಿದ್ದರು. ಅದನ್ನು ನಂಬಿ ಇನ್ನಷ್ಟು ಜನ ಹಾಗೇ ಮಾಡಿಬಿಟ್ಟಾರು ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಆಟೋ ಎಲೆಕ್ಟ್ರಿಷಿಯನ್. ಕಾರಿನ ವೈರಿಂಗ್ ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ನೆರೆ ಬಂದು ಹೋದ ವಾರದಲ್ಲಿ ಕೈತುಂಬ ಕೆಲಸ ಇರುವುದು ಎಂಜಿನ್ ಮೆಕ್ಯಾನಿಕ್‌ಗಳಿಗೆ. ನನ್ನ ಹತ್ತಿರ ಆ ಗಾಡಿಗಳು ಬರುವುದು ತಿಂಗಳುಗಳು ಕಳೆದ ಮೇಲೆ, ಮಾಲೀಕರಿಗೆ ಮಳೆಯ ನೆನಪೇ ಮಾಸಿದ ಮೇಲೆ. ಎಂಜಿನ್ನಿಗೆ ನುಗ್ಗಿದ ನೀರು ಆಗಲೇ ಗೊತ್ತಾಗುತ್ತದೆ. ವೈರಿಂಗಿಗೆ ಹೋದ ನೀರು ನಿಧಾನವಾಗಿ ತಿನ್ನುತ್ತದೆ. ಅದಕ್ಕೇ ಮೇಲೆ ಒಣಗಿದ್ದನ್ನು ನೋಡಿ ಗಾಡಿ ಸರಿಯಾಯಿತು ಎಂದು ತೀರ್ಮಾನ ಮಾಡಬೇಡಿ ಅನ್ನುವುದು.

ಮೊದಲು ಎಂಜಿನ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ಕೆಡುವುದು ಒಂದೇ ಕ್ಷಣದಲ್ಲಿ. ಸೈಲೆನ್ಸರ್ ಮುಳುಗಿದರೆ ನೀರು ಒಳಗೆ ಹೋಗುತ್ತದೆ ಎಂದು ಬಹಳ ಜನ ಹಿಂದೆಯೇ ನೋಡುತ್ತಿರುತ್ತಾರೆ. ಎಂಜಿನ್ ಓಡುತ್ತಿರುವ ತನಕ ಹೊಗೆಯ ಒತ್ತಡವೇ ಆ ನೀರನ್ನು ಹೊರಗೆ ತಳ್ಳುತ್ತದೆ. ನಿಜವಾದ ಅಪಾಯ ಇರುವುದು ಮುಂದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆ, ಬಂಪರ್ ಹತ್ತಿರ ಇರುತ್ತದೆ. ನೀರು ಅಷ್ಟು ಎತ್ತರ ಇಲ್ಲದಿದ್ದರೂ, ಜೋರಾಗಿ ನುಗ್ಗಿದರೆ ಬಂಪರ್ ಮುಂದೆ ಏಳುವ ಅಲೆ ಅಲ್ಲಿಗೆ ತಲುಪುತ್ತದೆ. ಎದುರಿನಿಂದ ಬಂದ ಲಾರಿ ಎಬ್ಬಿಸಿದ ಅಲೆಯೂ ಸಾಕು.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕಷ್ಟ ಇರುವುದೇ ಇಲ್ಲಿ. 1,500 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರಿಗೆ 375 ಸಿಸಿ ಆಯಿತು. ಕಂಪ್ರೆಷನ್, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗಕ್ಕೂ ಮೇಲೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಅನುಪಾತ, 16ಕ್ಕೆ 1 ಎಂದಿದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಬರೀ 25 ಮಿಲಿಲೀಟರ್. ಐದು ಟೀ ಚಮಚದಷ್ಟು. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಆದರೂ ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಈ ಜಾಗ ಸ್ವಲ್ಪ ಹೆಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ.

ಓಡುತ್ತಿರುವಾಗಲೇ ನೀರು ಎಳೆದುಕೊಂಡಿದ್ದರೆ ರಾಡ್ ಆಗಲೇ ಬಾಗಿರಬಹುದು. ಆದರೆ ನೀರಲ್ಲಿ ನಿಂತ ಎಲ್ಲ ಎಂಜಿನ್‌ಗಳ ಕಥೆ ಹಾಗಿರುವುದಿಲ್ಲ. ಏರ್ ಫಿಲ್ಟರ್ ನೆನೆದು ಗಾಳಿ ಸಿಗದೆ ಕೆಲವು ನಿಲ್ಲುತ್ತವೆ. ಯಾವುದೋ ಸೆನ್ಸರ್ ಒದ್ದೆಯಾಗಿ ಕೆಲವು ನಿಲ್ಲುತ್ತವೆ. ಇಂಥ ಎಂಜಿನ್ ಪೂರ್ತಿ ಉಳಿಯಬಹುದು. ಅದನ್ನು ಹಾಳು ಮಾಡುವುದು ಆಮೇಲೆ ಹೊಡೆಯುವ ಸೆಲ್ಫ್. 'ಒಂದ್ಸಲ ಟ್ರೈ ಮಾಡಿ ನೋಡೋಣ' ಎಂದು ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ತಳ್ಳಿ ಗೇರ್‌ಗೆ ಹಾಕಿ ಸ್ಟಾರ್ಟ್ ಮಾಡುವುದೂ ಅಷ್ಟೇ ಕೆಟ್ಟದ್ದು. ಇನ್ನೊಂದು ಮಾತು. ಸ್ವಲ್ಪವೇ ಬಾಗಿದ ರಾಡ್‌ನಲ್ಲೂ ಎಂಜಿನ್ ಓಡುತ್ತದೆ. ಕೆಲವು ವಾರ, ಕೆಲವು ತಿಂಗಳು ಓಡಿ, ಒಂದು ದಿನ ಹೆದ್ದಾರಿಯಲ್ಲಿ ರಾಡ್ ಮುರಿದು ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ. ಹಾಗಾಗಿ ಸ್ಟಾರ್ಟ್ ಆಯಿತು ಎನ್ನುವುದು ಎಂಜಿನ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಗಾಡಿ ನೀರಲ್ಲಿ ನಿಂತರೆ ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಸುಮಾರು 30 ಸೆಂಟಿಮೀಟರ್ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ದೊಡ್ಡ ಎಸ್‌ಯುವಿ ಆದರೂ ಬಿಡುವುದಿಲ್ಲ. ನೀರು ಏರುತ್ತಿದ್ದರೆ ಕಾರನ್ನು ಬಿಟ್ಟು ಎತ್ತರದ ಜಾಗಕ್ಕೆ ಹೋಗಿ. ಪವರ್ ಕಿಟಕಿ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿಬಿಡಿ, ಆಮೇಲೆ ಬಾಗಿಲು ತೆಗೆಯಲು ನೀರಿನ ಒತ್ತಡ ಬಿಡುವುದಿಲ್ಲ.

ನೀರು ಇಳಿದ ಮೇಲೆ, ಗಾಡಿಯ ಹತ್ತಿರ ಹೋದಾಗ, ಕೀ ಹಾಕುವ ಮೊದಲು ಬಾಗಿಲ ಮೇಲಿನ ಕೆಸರಿನ ಗೆರೆ ನೋಡಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಆ ಗೆರೆ ಹೇಳುತ್ತದೆ. ತೊಳೆಯುವ ಮುಂಚೆಯೇ ನಾಲ್ಕೂ ಕಡೆಯಿಂದ, ಒಳಗಿನಿಂದಲೂ ಫೋಟೊ ತೆಗೆದಿಡಿ. ವಿಮೆಯವರಿಗೆ ಆಗಲೇ ತಿಳಿಸಿ. ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಅದು ನೆರೆಯ ಹಾನಿಯಲ್ಲ, ನೀವೇ ಮಾಡಿಕೊಂಡದ್ದು ಎಂಬ ತಕರಾರು ಬರಬಹುದು. ನೀರು ಗಾಲಿಯ ನಡುಭಾಗಕ್ಕಿಂತ ಕೆಳಗೇ ಇದ್ದು, ಒಳಗೆ ಬಂದಿಲ್ಲದಿದ್ದರೆ ಅಷ್ಟೇನೂ ಹೆದರಬೇಕಿಲ್ಲ. ಮ್ಯಾಟ್ ಒದ್ದೆಯಾಗಿದೆ ಎಂದರೆ ನನ್ನಂಥವರ ಕೆಲಸ ಶುರುವಾಯಿತು ಅಂತಲೇ. ಸೀಟಿನ ಮೇಲೆ, ಡ್ಯಾಶ್‌ಬೋರ್ಡಿನವರೆಗೆ ಬಂದಿದ್ದರೆ ಆ ಗಾಡಿಯನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದೇ ಯೋಚಿಸಬೇಕಾಗುತ್ತದೆ.

ಆಮೇಲೆ ಮಾಡಬೇಕಾದ ಕೆಲಸ ಬ್ಯಾಟರಿ ಬಿಚ್ಚುವುದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಎಂಜಿನ್ನಿನ ಬಗ್ಗೆ ಮಾತಾಡುವವರು ಬಹಳ ಜನ, ಇದನ್ನು ಹೇಳುವವರು ಕಡಿಮೆ. ಕೀ ತೆಗೆದರೂ ಕಾರಿನಲ್ಲಿ ಕರೆಂಟ್ ಪೂರ್ತಿ ನಿಲ್ಲುವುದಿಲ್ಲ. ಸೆಂಟ್ರಲ್ ಲಾಕ್, ಅಲಾರಂ, ಗಡಿಯಾರ, ಒಳಗಿನ ದೀಪ ಇವಕ್ಕೆಲ್ಲ ಸದಾ ಕರೆಂಟ್ ಇರುತ್ತದೆ. ವೈರುಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಗ್ಗಿಗೆ ಕಪ್ಲರ್ ಅನ್ನುತ್ತೇವೆ. ನೀರು ತುಂಬಿದ ಕಪ್ಲರ್‌ನಲ್ಲಿ ಕರೆಂಟ್ ಇದ್ದರೆ ತಾಮ್ರ ಬಹಳ ಬೇಗ ಕರಗುತ್ತದೆ. ಕರೆಂಟ್ ಇಲ್ಲದ ಕಪ್ಲರ್ ಒದ್ದೆಯಾದರೂ ತೊಳೆದು ಒಣಗಿಸಿ ಉಳಿಸಿಕೊಳ್ಳಬಹುದು. ಕರೆಂಟ್ ಇರುವುದರಲ್ಲಿ ಪಿನ್‌ಗಳು ಒಂದೆರಡು ದಿನದಲ್ಲೇ ಹಸಿರಾಗಿ ಪುಡಿಯಾಗುವುದನ್ನು ಕಂಡಿದ್ದೇನೆ. ಒಂದೇ ಗಾಡಿ, ಒಂದೇ ನೀರು, ಪಕ್ಕಪಕ್ಕದ ಪಿನ್. ಒಂದು ಹಾಗೇ ಹೊಳೆಯುತ್ತಿರುತ್ತದೆ, ಇನ್ನೊಂದು ಮುಟ್ಟಿದರೆ ಉದುರುತ್ತದೆ. ಆದ್ದರಿಂದ ಎಷ್ಟು ಬೇಗ ಬ್ಯಾಟರಿ ಬಿಚ್ಚುತ್ತೀರೋ ಅಷ್ಟು ಒಳ್ಳೆಯದು. ಮೈನಸ್ ಕಡೆಯ ಟರ್ಮಿನಲ್ ಮೊದಲು ಬಿಚ್ಚಿ. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಬರುವುದಿಲ್ಲ.

ಇಷ್ಟಾದ ಮೇಲೆ ಗಾಡಿಯನ್ನು ಗ್ಯಾರೇಜಿಗೆ ಎತ್ತಿಸಿಕೊಂಡೇ ಹೋಗಬೇಕು. ಅಲ್ಲಿ ಎಂಜಿನ್ ಆಯಿಲ್ ನೋಡುತ್ತಾರೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬಿಳಿಚಿಕೊಂಡು ನೊರೆನೊರೆಯಾಗಿದ್ದರೆ, ಅಥವಾ ಮಟ್ಟ ಇರಬೇಕಾದ್ದಕ್ಕಿಂತ ಮೇಲೆ ಏರಿದ್ದರೆ ನೀರು ಬೆರೆತಿದೆ ಎಂದರ್ಥ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ ನೀರು ಹೊರಗೆ ಚಿಮ್ಮಿಸುತ್ತಾರೆ. ಗೇರ್‌ಬಾಕ್ಸ್ ಆಯಿಲ್ ನೋಡಿ ಎಂದು ನೀವೇ ಬಾಯಿಬಿಟ್ಟು ಹೇಳಿ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ರಂಧ್ರ ಇರುತ್ತದೆ. ಬಿಸಿಯಾಗಿದ್ದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಅಲ್ಲಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಒಳಗಿನ ಕ್ಲಚ್ ಪ್ಲೇಟಿಗೆ ಅಂಟಿಸಿದ ಪದರ ನೀರಿಗೆ ಬಿಟ್ಟುಕೊಳ್ಳುತ್ತದೆ.

ಬ್ರೇಕ್ ಬಗ್ಗೆಯೂ ಹೇಳಲೇಬೇಕು. ಗಾಲಿ ಮುಳುಗುವಷ್ಟು ನೀರು ದಾಟಿ ಬಂದ ಕೂಡಲೇ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ಪೆಡಲನ್ನು ಮೆಲ್ಲಗೆ ಒತ್ತಿ ಒತ್ತಿ ಬಿಟ್ಟರೆ ಒಣಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದು. ಗಮನಕ್ಕೆ ಬಾರದ್ದು ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿಕೊಂಡ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದೊಡ್ಡ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಆಯಿಲ್ ಕುದಿದರೆ ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬಾನೆಟ್ ಒಳಗೆ ನೀರು ಬಂದಿದ್ದರೆ ಬ್ರೇಕ್ ಆಯಿಲ್ ಬದಲಿಸಿಬಿಡಿ.

ಇನ್ನು ಕಾರಿನ ಒಳಗೆ ಬರೋಣ. ಕಾರಿನ ಕಾರ್ಪೆಟ್ ಮೇಲಿನಿಂದ ನೋಡಿದಷ್ಟು ತೆಳುವಲ್ಲ. ಅದರ ಕೆಳಗೆ ಸದ್ದು ತಡೆಯಲೆಂದು ದಪ್ಪ ಫೋಮ್ ಅಥವಾ ಫೆಲ್ಟ್ ಹಾಕಿರುತ್ತಾರೆ. ಅದಕ್ಕೂ ಕೆಳಗೆ ತಗಡು. ತಗಡಿಗೂ ಫೋಮಿಗೂ ನಡುವೆ ವೈರಿನ ಕಟ್ಟುಗಳು ಹಾದುಹೋಗುತ್ತವೆ. ಬಿಸಿಲಿಗೆ ಒಣಗುವುದು ಮೇಲಿನ ಬಟ್ಟೆ ಮಾತ್ರ. ಕೆಳಗಿನ ಫೋಮ್ ತಿಂಗಳುಗಟ್ಟಲೆ ನೀರು ಹಿಡಿದುಕೊಂಡೇ ಇರುತ್ತದೆ.

ಒಬ್ಬ ತಾಯಿ ತಮ್ಮ ಕಾರು ತಂದಿದ್ದರು. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಒಂದು ಕಿಟಕಿ ಆಗಾಗ ತಾನಾಗಿ ಇಳಿಯುತ್ತದೆ, ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಆರುವುದೇ ಇಲ್ಲ. ಅವರ ಮಾತಿನಲ್ಲಿ ನೀರಿನ ಸುದ್ದಿಯೇ ಬರಲಿಲ್ಲ. ನಾನೇ ಕೇಳಿದೆ. 'ಹೌದಣ್ಣ, ಮಳೆಗಾಲದಲ್ಲಿ ಸೀಟಿನ ಕೆಳಗೆ ನೀರು ಬಂದಿತ್ತು. ಆಗಲೇ ಒಣಗಿಸಿ, ಶಾಂಪೂ ಹಾಕಿ ತೊಳೆದು ಕೊಟ್ರು' ಎಂದರು. ಕಾರ್ಪೆಟ್ ಮುಟ್ಟಿದೆ, ಗರಿಗರಿಯಾಗಿ ಒಣಗಿತ್ತು. ಬಾಗಿಲ ಅಂಚಿನ ಪಟ್ಟಿ ಕಿತ್ತು ಕಾರ್ಪೆಟ್ ಎತ್ತಿ ಕೈ ಒಳಗೆ ಹಾಕಿದೆ. ಫೋಮ್ ನೆನೆದ ಸ್ಪಂಜಿನಂತಿತ್ತು. ಒತ್ತಿದರೆ ಬೆರಳ ಸಂದಿಯಿಂದ ಕಪ್ಪು ನೀರು ಇಳಿಯಿತು. ಬಾಡಿ ಅರ್ಥ್, ಅಂದರೆ ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಕೊಡುವ ಬೋಲ್ಟ್ ತುಕ್ಕು ಹಿಡಿದು ತಗಡಿನಿಂದ ಬಿಟ್ಟುಕೊಂಡಿತ್ತು. ಅರ್ಥ್ ಸಿಗದ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಅದಕ್ಕೇ ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತಿದ್ದದ್ದು.

ಡ್ರೈವರ್ ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್ ಇತ್ತು. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಬಿಗಿಮಾಡುವ ವ್ಯವಸ್ಥೆಯ ಕಪ್ಲರ್‌ಗಳು ಹಳದಿ ಇರುತ್ತವೆ, ಬೇರೆಯವರು ಗೊತ್ತಿಲ್ಲದೆ ಕೈ ಹಾಕದಿರಲಿ ಅಂತ. ಅದರೊಳಗಿನ ಎರಡು ಪಿನ್‌ಗಳಲ್ಲಿ ಒಂದು ಇರಲೇ ಇಲ್ಲ, ಬರೀ ಹಸಿರು ಪುಡಿ. ಆ ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಗೇಣುದ್ದ ಸೀಳಿದೆ. ಒಳಗಿನ ತಾಮ್ರ ಅಲ್ಲಿಯವರೆಗೂ ಕಪ್ಪಾಗಿತ್ತು. ನೀರು ಬಿಡಿ ಎಳೆಗಳ ನಡುವೆ ಹೊದಿಕೆಯ ಒಳಗೇ ಏರಿಕೊಂಡು ಹೋಗುತ್ತದೆ. ಹೊರಗಿನಿಂದ ಎಷ್ಟು ಬಿಸಿಗಾಳಿ ಊದಿದರೂ ಆ ಜಾಗಕ್ಕೆ ಮುಟ್ಟುವುದಿಲ್ಲ. ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ. 'ಇಷ್ಟು ದಿನ ಇದು ಆಕ್ಸಿಡೆಂಟ್ ಆದ್ರೆ ಕೆಲಸ ಮಾಡ್ತಿರ್ಲಿಲ್ವಾ?' ಮಾಡುತ್ತಿತ್ತು ಎಂದು ಹೇಳಲು ನನಗೆ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಕಟ್ಟಿತ್ತು.

ಅವರ ಗಾಡಿಯನ್ನು ತೊಳೆದು ಕೊಟ್ಟವರು ಕೆಟ್ಟವರೇನಲ್ಲ. ಅವರು ಕಣ್ಣಿಗೆ ಕಂಡದ್ದನ್ನು ಸ್ವಚ್ಛ ಮಾಡಿದರು. ಆದರೆ ನೀರು ಒಳಗೆ ಬಂದ ಗಾಡಿಯಲ್ಲಿ ಕೆಲಸ ಶುರುವಾಗಬೇಕಾದ್ದು ಸೀಟುಗಳನ್ನು ಬಿಚ್ಚಿ ಹೊರಗಿಡುವುದರಿಂದ. ಕಾರ್ಪೆಟ್ ಪೂರ್ತಿ ಹೊರಗೆ ಬರಬೇಕು. ತಳದ ತಗಡಿನಲ್ಲಿ ರಬ್ಬರ್ ಬಿರಡೆಗಳಿರುತ್ತವೆ, ಅವನ್ನು ತೆಗೆದರೆ ನಿಂತ ನೀರು ಇಳಿದುಹೋಗುತ್ತದೆ. ನೆನೆದ ಫೋಮ್ ಬಿಸಾಡಿ ಹೊಸದು ಹಾಕುವುದೇ ಮೇಲು. ಒಂದೊಂದೇ ಕಪ್ಲರ್ ಬಿಚ್ಚಿ, ಕೆಸರು ಇದ್ದರೆ ಶುದ್ಧ ನೀರಲ್ಲಿ ತೊಳೆದು, ಗಾಳಿ ಊದಿ ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಅರ್ಥ್ ಬೋಲ್ಟುಗಳನ್ನೆಲ್ಲ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬೇಕು. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಗೇರ್ ಲಿವರಿನ ಹತ್ತಿರ ನೆಲಕ್ಕೇ ಕೂತಿರುತ್ತದೆ, ಅದನ್ನು ನೋಡಲೇಬೇಕು. ಹಳದಿ ಕಪ್ಲರ್‌ಗೆ ಮಾತ್ರ ಮನೆಯಲ್ಲಿ ಯಾರೂ ಕೈ ಹಾಕಬೇಡಿ. ಬ್ಯಾಟರಿ ಬಿಚ್ಚಿದ ಮೇಲೂ ಆ ಯೂನಿಟ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಏರ್‌ಬ್ಯಾಗ್ ಸಿಡಿದರೆ ಮುಖ ಕೈ ಉಳಿಯುವುದಿಲ್ಲ.

ಇದು ದಿನಗಟ್ಟಲೆ ಹಿಡಿಯುವ ಕೆಲಸ, ಬೇಸರದ ಕೆಲಸ. ಅದಕ್ಕೇ ಎಷ್ಟೋ ಕಡೆ ಮಾಡುವುದಿಲ್ಲ, ಮಾಲೀಕರೂ ಕೇಳುವುದಿಲ್ಲ. ಆದರೆ ತಡ ಮಾಡಿದರೆ ಇನ್ನೊಂದು ತೊಂದರೆಯೂ ಇದೆ. ಒದ್ದೆ ಫೋಮಿನಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ನೆರೆ ನೀರು ಎಂದರೆ ಬರೀ ಮಳೆ ನೀರಲ್ಲ, ಚರಂಡಿಯದ್ದೂ ಸೇರಿರುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡು ಅದೇ ಗಾಳಿಯನ್ನು ಮಕ್ಕಳು, ವಯಸ್ಸಾದವರು ಉಸಿರಾಡುತ್ತಾರೆ. ಉಬ್ಬಸ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಸುಗಂಧದ ಡಬ್ಬಿ ತೂಗುಹಾಕಿದರೆ ವಾಸನೆ ಮುಚ್ಚುತ್ತದೆ, ಬೂಷ್ಟು ಹೋಗುವುದಿಲ್ಲ. ಒಳಗೆ ಕೈ ಹಾಕಿ ತೊಳೆಯುವವರು ಗ್ಲೌಸ್ ಹಾಕಿಕೊಳ್ಳಿ.

ಎಲೆಕ್ಟ್ರಿಕ್ ಕಾರಿನವರು ಈಗ ಜಾಸ್ತಿಯಾಗುತ್ತಿದ್ದಾರೆ, ಅವರಿಗೂ ಒಂದು ಮಾತು. ಎಷ್ಟೋ ಗಾಡಿಗಳ ಬ್ಯಾಟರಿಗೆ ಐಪಿ67 ಎಂದು ಬರೆದಿರುತ್ತದೆ. ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟು ನೋಡಿದ ಪರೀಕ್ಷೆ. ಅದನ್ನು ಮಾಡುವುದು ಸ್ವಚ್ಛ ಸಿಹಿನೀರಿನಲ್ಲಿ. ಇಡೀ ರಾತ್ರಿ ಕೆಸರು ನೀರಿನಲ್ಲಿ, ಅದರಲ್ಲೂ ಉಪ್ಪುನೀರಿನಲ್ಲಿ ನಿಂತ ಗಾಡಿಗೆ ಅದು ಖಾತ್ರಿಯಲ್ಲ. 2022ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತ ಬಂದು ಹೋದ ಮೇಲೆ, ಸಮುದ್ರದ ನೀರಲ್ಲಿ ಮುಳುಗಿದ್ದ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ನೀರು ಇಳಿದು ದಿನಗಳಾದ ನಂತರ ಬೆಂಕಿ ಹತ್ತಿಕೊಂಡಿತು. ಮುಳುಗಿದ ಎಲೆಕ್ಟ್ರಿಕ್ ಕಾರನ್ನು ಮನೆಯ ಗೋಡೆಯ ಪಕ್ಕ ನಿಲ್ಲಿಸಬೇಡಿ. ಸುತ್ತ 15 ಮೀಟರ್ ಖಾಲಿ ಬಿಡಿ. ಚಾರ್ಜಿಗೆ ಹಾಕಬೇಡಿ. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟಬೇಡಿ, ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಕಂಪನಿಯಲ್ಲಿ ತರಬೇತಿ ಪಡೆದವರೇ ನೋಡಬೇಕು.

ಆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಗಾಡಿ ಓಡುತ್ತಿರುವುದು ಸಂತೋಷ. ಒಂದು ಸಲ ಮುಂದಿನ ಬಾಗಿಲ ಪಟ್ಟಿ ಬಿಚ್ಚಿಸಿ, ಕಾರ್ಪೆಟ್ ಕೆಳಗೆ ಕೈ ಹಾಕಿ ನೋಡಿ. ಒಣಗಿದ್ದರೆ ನಿಶ್ಚಿಂತೆಯಿಂದಿರಿ. ತೇವ ಇದ್ದರೆ ತಡ ಮಾಡಬೇಡಿ. ಗಾಲಿಯಿಂದ ಗುಂಯ್ ಎನ್ನುವ ಸದ್ದು ವೇಗದ ಜೊತೆ ಏರುತ್ತಿದ್ದರೆ ಬೇರಿಂಗ್ ಗ್ರೀಸಿನಲ್ಲಿ ನೀರು ಸೇರಿದೆ ಎಂದುಕೊಳ್ಳಿ.

ಕೊನೆಗೆ ಪತ್ರಿಕೆಯವರಲ್ಲೂ ಗ್ಯಾರೇಜಿನವರಲ್ಲೂ ಒಂದು ಕೋರಿಕೆ. ಹೀಗೆ ಮೇಲೆ ಮೇಲೆ ಒಣಗಿಸಿದ ಗಾಡಿಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬರುತ್ತವೆ. ಕಷ್ಟಪಟ್ಟು ಮೊದಲ ಕಾರು ಕೊಳ್ಳುವ ಕುಟುಂಬ ಅದನ್ನು ಕೊಂಡುಕೊಳ್ಳುತ್ತದೆ. ಕೊಳ್ಳುವವರು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಲಿ, ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಕೆಳಗಿನ ಸ್ಕ್ರೂಗಳಿಗೆ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕೆಳಗೆ ಮಣ್ಣು, ಹೆಡ್‌ಲೈಟಿನ ಒಳಗೆ ಮಂಜು ಇದ್ದರೆ ಹಿಂದೆ ಸರಿಯಲಿ. ಇದೆಲ್ಲ ಕೊಳ್ಳುವವರೇ ಪತ್ತೆದಾರಿಕೆ ಮಾಡಬೇಕಾದ ಪರಿಸ್ಥಿತಿ ಯಾಕೆ ಬೇಕು? ನೀರಿಗೆ ಹೋದ ಗಾಡಿಯನ್ನು ರಿಪೇರಿ ಮಾಡಿದವರು ಬಿಲ್ಲಿನಲ್ಲಿ ಎರಡೇ ಸಾಲು ಬರೆಯಲಿ: ನೀರು ಎಲ್ಲಿಯವರೆಗೆ ಬಂದಿತ್ತು, ಏನೇನು ಬಿಚ್ಚಿ ನೋಡಿದ್ದೇವೆ. ಮಾರುವವರು ಆ ಬಿಲ್ಲನ್ನು ಗಾಡಿಯ ಕಾಗದಗಳ ಜೊತೆಗೇ ಕೊಡಲಿ. ನನ್ನ ಕೈಯಲ್ಲಿ ಆದ ಗಾಡಿಗಳಿಗೆ ನಾನು ಹೀಗೇ ಬರೆದುಕೊಡುತ್ತೇನೆ. ಕೆಲವು ಮಾಲೀಕರು ಬೇಡ ಅನ್ನುತ್ತಾರೆ, ಮಾರುವಾಗ ಬೆಲೆ ಇಳಿಯುತ್ತದೆ ಅಂತ. ಆದರೂ ಬರೆಯುತ್ತೇನೆ. ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಪತ್ರಿಕೆಯಲ್ಲಿ ಇದರ ಬಗ್ಗೆ ನಾಲ್ಕು ಸಾಲು ಬಂದರೆ ಬಿಲ್ಲಿನಲ್ಲಿ ಹೀಗೆ ಬರೆಸಿಕೊಳ್ಳಬೇಕು ಎಂದು ಜನರಿಗೂ ಗೊತ್ತಾಗುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಆಟೋ ಎಲೆಕ್ಟ್ರಿಷಿಯನ್, ನಿಮ್ಮ ಓದುಗ